ಆರ್ಟ್ ಡಿಪಾರ್ಟ್‌ಮೆಂಟಲ್ಲಿ ಯಾವ ವಿಭಾಗ ತಗೋಬೇಕು? ಗೋಡೆ ನೋಡ್ಬೇಡಿ, ಸಿಂಕ್ ನೋಡಿ

ಮೊದಲನೇ ವರ್ಷ ಮುಗಿಯೋ ಹೊತ್ತಿಗೆ ಕೈಗೊಂದು ಫಾರ್ಮ್ ಬರತ್ತೆ. ಹೆಸರು, ರಿಜಿಸ್ಟರ್ ನಂಬರ್ ಎಲ್ಲ ಬರೆದಾದ್ಮೇಲೆ ಒಂದು ಪುಟ್ಟ ಖಾಲಿ ಜಾಗ, ಪಕ್ಕದಲ್ಲಿ ಸ್ಪೆಷಲೈಸೇಶನ್ ಅಂತ ಇರತ್ತೆ. ಪೇಂಟಿಂಗಾ, ಶಿಲ್ಪಾನಾ, ಪ್ರಿಂಟ್‌ಮೇಕಿಂಗಾ, ಸೆರಾಮಿಕ್ಸಾ, ಟೆಕ್ಸ್‌ಟೈಲಾ, ಫೋಟೋಗ್ರಫಿನಾ, ಗ್ರಾಫಿಕ್ ಡಿಸೈನಾ, ಕಲಾ ಇತಿಹಾಸಾನಾ, ಒಂದು ಬರೀರಿ ಅಂತಾರೆ. ಆ ಎರಡಿಂಚು ಜಾಗ ತುಂಬ್ಸೋಕೆ ವಾರಗಟ್ಟಲೆ ನಿದ್ದೆ ಕೆಡಿಸ್ಕೊಂಡೋರನ್ನ ನಾನು ನೋಡಿದೀನಿ, ನಾನೂ ಅದರಲ್ಲಿ ಒಬ್ಬ.

ಸಾಮಾನ್ಯವಾಗಿ ನಾವೇನ್ ಮಾಡ್ತೀವಿ ಅಂದ್ರೆ, ವರ್ಷದ ಕೊನೇಲಿ ಸೀನಿಯರ್ಸ್ ಹಾಕೋ ಎಕ್ಸಿಬಿಶನ್‌ಗೆ ಹೋಗ್ತೀವಿ, ಗೋಡೆ ಮೇಲೆ ಯಾವುದು ಚೆನ್ನಾಗಿ ಕಂಡ್ತೋ ಆ ವಿಭಾಗ ಬರೆದುಬಿಡ್ತೀವಿ. ದೂರದ ಬೆಟ್ಟ ನುಣ್ಣಗೆ. ಗೋಡೆ ಮೇಲೆ ಇರೋದು ಒಂದು ವರ್ಷದ ಕೆಲಸದಲ್ಲಿ ಉಳ್ಕೊಂಡಿರೋ ನಾಲ್ಕೇ ನಾಲ್ಕು ಪೀಸು. ಅದನ್ನ ಮಾಡೋವಾಗ ಆ ಸೀನಿಯರ್ ಹುಡುಗಿ ದಿನಕ್ಕೆ ಎಷ್ಟೊತ್ತು ನಿಂತಿದ್ಲು, ಎಷ್ಟೊತ್ತು ಕಾದ್ಲು, ಎಷ್ಟು ಹರಿದು ಹಾಕಿದ್ಲು, ಮೈಯಲ್ಲಿ ಎಲ್ಲೆಲ್ಲಿ ನೋವಿತ್ತು, ಇದ್ಯಾವುದೂ ಗೋಡೆ ಮೇಲೆ ಕಾಣಲ್ಲ. ನೀವು ಮುಂದಿನ ಮೂರು ವರ್ಷ ಬದುಕೋದು ಮಾತ್ರ ಅದರೊಳಗೇನೆ.

ಅದಕ್ಕೆ ಯಾರಾದ್ರೂ ನನ್ನ ಕೇಳಿದ್ರೆ ನಾನು ಹೇಳೋದು, ಎಕ್ಸಿಬಿಶನ್ ಆಮೇಲೆ ನೋಡಿ, ಮೊದಲು ಒಂದೊಂದು ಸ್ಟುಡಿಯೋಗೂ ಹೋಗಿ ಅಲ್ಲಿರೋ ಸಿಂಕ್ ನೋಡಿ ಬನ್ನಿ ಅಂತ. ತಮಾಷೆ ಅಲ್ಲ. ಪೇಂಟಿಂಗ್ ಸ್ಟುಡಿಯೋ ಸಿಂಕಿನ ಹತ್ರ ತೊಳೆದ ಬ್ರಶ್‌ಗಳು, ಗಟ್ಟಿಯಾದ ಬಣ್ಣದ ಪದರ, ಸೋಪು. ಸೆರಾಮಿಕ್ಸ್ ಸಿಂಕಿನ ಕೆಳಗೆ ಒಂದು ಡಬ್ಬಿ ಇರತ್ತೆ, ಮಣ್ಣೆಲ್ಲ ಅದರ ತಳಕ್ಕೆ ಕೂತು ನೀರು ಮಾತ್ರ ಮುಂದೆ ಹೋಗ್ಲಿ ಅಂತ, ಇಲ್ಲಾಂದ್ರೆ ಪೈಪ್ ಕಟ್ಕೊಳ್ಳತ್ತೆ, ಮತ್ತೆ ಆ ಡಬ್ಬಿ ಖಾಲಿ ಮಾಡೋ ಪಾಳಿ ಒಂದಲ್ಲ ಒಂದಿನ ನಿಮಗೂ ಬರತ್ತೆ. ಪ್ರಿಂಟ್ ಸ್ಟುಡಿಯೋದಲ್ಲಿ ಉದ್ದದ ಟ್ರೇಗಳು, ಕೈಗವಸು, ಕನ್ನಡಕ. ಫೋಟೋ ಡಾರ್ಕ್‌ರೂಮಲ್ಲಿ ಸಾಲಾಗಿ ಮೂರು ಟ್ರೇ, ಕೆಂಪು ಲೈಟು. ಗ್ರಾಫಿಕ್ ಡಿಸೈನ್ ಲ್ಯಾಬಲ್ಲಿ ಸಿಂಕೇ ಇರಲ್ಲ, ಚಾರ್ಜರ್ ಹಾಕೋಕೆ ಪ್ಲಗ್ ಎಲ್ಲಿದೆ ಅಂತ ಹುಡುಕ್ತಿರ್ತಾರೆ. ಕಲಾ ಇತಿಹಾಸದೋರಿಗೆ ಕೈ ತೊಳೆಯೋ ಪ್ರಶ್ನೆ ಬರೋದು ಹಳೇ ಹಸ್ತಪ್ರತಿ ಮುಟ್ಟೋಕೆ ಮುಂಚೆ ಮಾತ್ರ. ಯಾವ ಕೊಳೆ ಜೊತೆ ನಿಮಗೆ ಬೇಜಾರಿಲ್ಲದೆ ಇರೋಕಾಗತ್ತೆ ಅನ್ನೋದು ಸಣ್ಣ ಪ್ರಶ್ನೆ ತರ ಕಾಣತ್ತೆ, ಆದ್ರೆ ಯಾವ ಸಾಮಗ್ರಿ ಜೊತೆ ನಿಮಗೆ ಹೊಂದ್ಕೆ ಆಗತ್ತೆ ಅಂತ ಅದರಿಂದ್ಲೇ ಅರ್ಧ ಗೊತ್ತಾಗುತ್ತೆ.

ಅಂದಹಾಗೆ, ಈ ವಿಭಾಗಗಳು ಯಾಕೆ ಹೀಗೇ ಹಂಚಿಕೊಂಡಿವೆ ಅಂತ ಸ್ವಲ್ಪ ತಿಳ್ಕೊಂಡ್ರೆ ಒಳ್ಳೇದು, ಯಾಕಂದ್ರೆ ಎಷ್ಟೋ ಜನ ಇದೇನೋ ಕಲ್ಲಲ್ಲಿ ಕೊರೆದಿಟ್ಟಿದ್ದು ಅಂದ್ಕೊಂಡಿರ್ತಾರೆ. ಪ್ಯಾರಿಸ್ಸಲ್ಲಿ 1648ರಲ್ಲಿ ಶುರುವಾದ ರಾಯಲ್ ಅಕಾಡೆಮಿ ಹೆಸರಲ್ಲೇ ಪೇಂಟಿಂಗ್ ಮತ್ತು ಶಿಲ್ಪ ಅಂತಿತ್ತು, ಮಡಕೆ ಮಾಡೋರು ನೇಯೋರು ಅದರ ಬಾಗಿಲೊಳಗೇ ಇರ್ಲಿಲ್ಲ, ಅವರದ್ದು ಕಸುಬು, ಇವರದ್ದು ಕಲೆ. ಆ ಗೋಡೆ ಒಡೀಬೇಕು ಅಂತ 1919ರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಅನ್ನೋ ಕಲಾಶಾಲೆ ಶುರು ಮಾಡಿದ್ರು. ಅದೇ 1919ರಲ್ಲಿ ಟಾಗೋರರ ಶಾಂತಿನಿಕೇತನದಲ್ಲಿ ಕಲಾಭವನಾನೂ ಶುರುವಾಯ್ತು, ಅಲ್ಲೂ ಚಿತ್ರದ ಜೊತೆಗೆ ಕರಕುಶಲಕ್ಕೂ ಜಾಗ ಇತ್ತು. ಈಗ ನಾವು ಫೌಂಡೇಶನ್ ಇಯರ್ ಅಂತೀವಲ್ಲ, ಎಲ್ಲಾರೂ ಎಲ್ಲಾನೂ ಸ್ವಲ್ಪ ಸ್ವಲ್ಪ ಮಾಡಿ ಆಮೇಲೆ ಒಂದನ್ನ ಹಿಡಿಯೋದು, ಆ ಪದ್ಧತಿ ಇಷ್ಟು ಕಡೆ ಹರಡಿದ್ದಕ್ಕೆ ಬೌಹೌಸಲ್ಲಿ ಯೋಹಾನೆಸ್ ಇಟ್ಟೆನ್ ರೂಪಿಸಿದ ಪ್ರಾಥಮಿಕ ಕೋರ್ಸ್ ದೊಡ್ಡ ಕಾರಣ. ಅದು ಮುಗಿಸಿದ್ರೇನೆ ವರ್ಕ್‌ಶಾಪಿಗೆ ಪ್ರವೇಶ.

ಅಲ್ಲೇ ಕಲಿತು ಅಲ್ಲೇ ಪಾಠ ಮಾಡಿ, ಆಮೇಲೆ ಅಮೆರಿಕಕ್ಕೆ ಹೋದ ಯೋಸೆಫ್ ಆಲ್ಬರ್ಸ್ ಅವರ ಒಂದು ಎಕ್ಸರ್‌ಸೈಜ್ ಇವತ್ತಿಗೂ ಎಷ್ಟೋ ಕಾಲೇಜಲ್ಲಿ ಮಾಡಿಸ್ತಾರೆ. ಪೇಂಟ್ ಬೇಡ, ಬರೀ ಬಣ್ಣದ ಕಾಗದ. ಒಂದೇ ಬಣ್ಣದ ಎರಡು ಚಿಕ್ಕ ತುಂಡು ಕತ್ತರಿಸ್ಕೋಬೇಕು, ಎರಡು ಬೇರೆ ಬೇರೆ ಹಿನ್ನೆಲೆ ಮೇಲೆ ಅಂಟಿಸ್ಬೇಕು, ನೋಡಿದೋರಿಗೆ ಅವೆರಡೂ ಬೇರೆ ಬೇರೆ ಬಣ್ಣ ಅಂತಾನೇ ಅನ್ನಿಸ್ಬೇಕು. ಕೇಳೋಕೆ ಸುಲಭ. ಒಂದು ಮಂಕು ಕಂದು ಬಣ್ಣದ ತುಂಡು ಹಿಡ್ಕೊಂಡು ಹಳದಿ ಮೇಲಿಟ್ಟು, ನೀಲಿ ಮೇಲಿಟ್ಟು, ಬೂದಿ ಬಣ್ಣದ ಮೇಲಿಟ್ಟು, ಒಂದು ಸಂಜೆ ಪೂರ್ತಿ ಹೋಗತ್ತೆ. ಯಾವಾಗ್ಲೋ ಒಂದು ಕ್ಷಣದಲ್ಲಿ ಎಡಗಡೆಯದು ಕಪ್ಪಗೂ ಬಲಗಡೆಯದು ಬೆಳ್ಳಗೂ ಆಗಿಬಿಡತ್ತೆ, ಕಣ್ಣು ತಿಕ್ಕೊಂಡು ನೋಡಿದ್ರೂ ಹಾಗೇ. ಇಲ್ಲಿ ನೀವು ಗಮನಿಸ್ಬೇಕಾಗಿರೋದು ನಿಮ್ಮನ್ನೇ. ಆ ಸಂಜೆ ನಿಮಗೆ ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ವಾ, ಇಲ್ಲ ಯಾವಾಗ ಮುಗಿಯತ್ತಪ್ಪಾ ಅನ್ನಿಸ್ತಾ? ಫೌಂಡೇಶನ್ ವರ್ಷದಲ್ಲಿ ಬರೋ ಮಾರ್ಕ್ಸ್‌ಗಿಂತ ಈ ತರದ ಸಂಜೆಗಳ ಲೆಕ್ಕ ಇಟ್ಕೊಂಡ್ರೆ ಫಾರ್ಮ್ ತುಂಬೋದು ಸುಲಭ ಆಗತ್ತೆ.

ಇನ್ನು ಒಂದೊಂದೇ ವಿಭಾಗ. ಎಲ್ಲಾದನ್ನೂ ಒಂದೇ ಅಳತೇಲಿ ಹೇಳಲ್ಲ, ನನಗೆ ಗೊತ್ತಿರೋದನ್ನ ಜಾಸ್ತಿ ಹೇಳ್ತೀನಿ.

ಪೇಂಟಿಂಗ್ ತಗೊಂಡೋರಿಗೆ ದೊಡ್ಡ ಕಷ್ಟ ಬಣ್ಣದ್ದಲ್ಲ, ಸ್ವಾತಂತ್ರ್ಯದ್ದು. ಎರಡನೇ ವರ್ಷದ ತನಕ ಮಾಡೆಲ್ ಕೂರ್ಸಿ, ಸ್ಟಿಲ್ ಲೈಫ್ ಅಂತ ಹಣ್ಣು, ಪಾತ್ರೆ ಜೋಡಿಸಿಟ್ಟು, ಇದನ್ನ ಮಾಡಿ ಅಂತಾರೆ. ಅದಾದ್ಮೇಲೆ ಒಂದಿನ ಒಂದು ಮೂಲೆ, ಒಂದು ಈಸೆಲ್ ಕೊಟ್ಟು, ಈಗ ನಿಮ್ಮದು ಮಾಡಿ ಅಂತಾರೆ, ಅಲ್ಲಿ ಎದೆ ಧಸಕ್ ಅನ್ನತ್ತೆ. ಯಾವಾಗ ಶುರು ಮಾಡ್ಬೇಕು ಅಂತ ಯಾರೂ ಹೇಳಲ್ಲ, ಅದಕ್ಕಿಂತ ಮುಖ್ಯವಾಗಿ ಯಾವಾಗ ನಿಲ್ಲಿಸ್ಬೇಕು ಅಂತಾನೂ ಯಾರೂ ಹೇಳಲ್ಲ. ಟೆಕ್ನಿಕ್ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆಯಿಲ್ ಪೇಂಟ್ ನೀರಿನ ಬಣ್ಣದ ತರ ಆವಿಯಾಗಿ ಒಣಗಲ್ಲ, ಅದರಲ್ಲಿರೋ ಅಗಸೆ ಎಣ್ಣೆ ಗಾಳಿಯ ಆಕ್ಸಿಜನ್ ಜೊತೆ ಸೇರಿ ನಿಧಾನಕ್ಕೆ ಗಟ್ಟಿಯಾಗತ್ತೆ, ಅದಕ್ಕೇ ಎಣ್ಣೆ ಕಮ್ಮಿ ಇರೋ ಪದರ ಕೆಳಗೆ, ಎಣ್ಣೆ ಜಾಸ್ತಿ ಇರೋದು ಮೇಲೆ ಅನ್ನೋ ನಿಯಮ. ಉಲ್ಟಾ ಮಾಡಿದ್ರೆ ಮೇಲಿನ ಪದರ ಬೇಗ ಬಿಗಿದು ಕೆಳಗಿನದು ಇನ್ನೂ ಅಲ್ಲಾಡ್ತಾ ಇರತ್ತೆ, ವರ್ಷಗಳಾದ್ಮೇಲೆ ಬಿರುಕು ಬಿಡತ್ತೆ. ಅದೇ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೇಲಿ ಎಸೆದ್ರೆ ಗಟ್ಟಿಯಾಗೋವಾಗ ಹುಟ್ಟೋ ಬಿಸಿಗೆ ತಾನಾಗೇ ಬೆಂಕಿ ಹತ್ಕೊಳ್ಳೋದೂ ಉಂಟು, ಪೇಂಟಿಂಗ್ ಸ್ಟುಡಿಯೋದಲ್ಲಿ ಮುಚ್ಚಳ ಇರೋ ತಗಡಿನ ಡಬ್ಬಿ ಇರೋದು ಅದಕ್ಕೇ. ಆದ್ರೆ ಈ ಟೆಕ್ನಿಕ್ ಎಲ್ಲ ಒಂದೆರಡು ವರ್ಷದಲ್ಲಿ ಕೈಗೆ ಬರತ್ತೆ. ಖಾಲಿ ಕ್ಯಾನ್ವಾಸ್ ಮುಂದೆ ಒಬ್ಬರೇ ಕೂತು ನಿಮ್ಮ ನಿರ್ಧಾರಾನ ನೀವೇ ಪದೇ ಪದೇ ಅಳಿಸೋ ತಾಳ್ಮೆ, ಅದು ಬೇರೆ.

ನಾನು ಫಾರ್ಮಲ್ಲಿ ಬರೆದಿದ್ದು ಪೇಂಟಿಂಗೇ. ಒಂದು ಸೆಮಿಸ್ಟರ್ ಪೂರ್ತಿ ಒಂದೇ ಕ್ಯಾನ್ವಾಸನ್ನ ಹನ್ನೊಂದು ಸಲ ಮುಚ್ಚಿ ಬರೆದೆ, ಕೊನೆಗೆ ಅದು ಚಿತ್ರ ಅನ್ನೋದಕ್ಕಿಂತ ಗೋಡೆ ಪ್ಲಾಸ್ಟರ್ ತರ ದಪ್ಪ ಆಗಿತ್ತು. ಅದೇ ಟೈಮಲ್ಲಿ ಎಲೆಕ್ಟಿವ್ ಅಂತ ತಗೊಂಡಿದ್ದ ಪ್ರಿಂಟ್‌ಮೇಕಿಂಗ್ ಕ್ಲಾಸಿಗೆ ಮಾತ್ರ ಅರ್ಧ ಗಂಟೆ ಮುಂಚೇನೇ ಹೋಗ್ತಿದ್ದೆ. ಯಾಕೆ ಅಂತ ಆಗ ಹೊಳೀಲಿಲ್ಲ.

ಪ್ರಿಂಟ್‌ಮೇಕಿಂಗ್ ಅಂದ್ರೆ ಪ್ರಿಂಟರ್ ಅಲ್ಲ, ಫೋಟೋಕಾಪಿ ಅಲ್ಲ, ಇದನ್ನ ಮನೇವ್ರಿಗೆ ವಿವರಿಸೋದೇ ಒಂದು ಕೋರ್ಸ್. ಮರದಲ್ಲಿ ಬೇಡದ್ದನ್ನ ಕೆತ್ತಿ ತೆಗೆದು ಉಳಿದ ಉಬ್ಬಿಗೆ ಇಂಕ್ ಹಚ್ಚೋದು ಒಂದು ದಾರಿ, ಲೋಹದಲ್ಲಿ ಗೆರೆ ತೋಡಿ ಆ ಗೆರೆಯೊಳಗೆ ಇಂಕ್ ತುಂಬೋದು ಇನ್ನೊಂದು, ಬಟ್ಟೆ ಜಾಲರಿ ಮೂಲಕ ಬಣ್ಣ ಒತ್ತೋ ಸ್ಕ್ರೀನ್ ಪ್ರಿಂಟ್ ಮತ್ತೊಂದು. ಲಿಥೋಗ್ರಫಿಯ ಕಥೆ ಎಲ್ಲಕ್ಕಿಂತ ಮಜಾ. 1796ರ ಹೊತ್ತಿಗೆ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಅನ್ನೋ ನಾಟಕಕಾರ ತನ್ನ ನಾಟಕಗಳನ್ನ ಕಮ್ಮಿ ಖರ್ಚಲ್ಲಿ ಅಚ್ಚು ಹಾಕೋಕೆ ಏನೇನೋ ಪ್ರಯತ್ನ ಮಾಡ್ತಾ ಸುಣ್ಣದ ಕಲ್ಲಿನ ಮೇಲೆ ಈ ವಿಧಾನ ಕಂಡ್ಕೊಂಡ. ಕಲ್ಲಲ್ಲಿ ಉಬ್ಬೂ ಇಲ್ಲ ತಗ್ಗೂ ಇಲ್ಲ, ಜಿಡ್ಡಿರೋ ಕ್ರೇಯಾನಲ್ಲಿ ಚಿತ್ರ ಬರೀತಾರೆ, ಕಲ್ಲು ಒದ್ದೆ ಮಾಡ್ತಾರೆ, ಆಮೇಲೆ ಎಣ್ಣೆ ಇಂಕಿನ ರೋಲರ್ ಉರುಳಿಸಿದ್ರೆ ನೀರಿರೋ ಕಡೆ ಇಂಕ್ ಹತ್ತಲ್ಲ, ಜಿಡ್ಡಿರೋ ಕಡೆ ಹತ್ತತ್ತೆ. ಎಣ್ಣೆಗೂ ನೀರಿಗೂ ಆಗಲ್ಲ ಅನ್ನೋ ಒಂದೇ ವಿಷಯದ ಮೇಲೆ ನಿಂತಿರೋ ಕಲೆ.

ನನ್ನ ಕೈ ಹಿಡಿದಿದ್ದು ಎಚಿಂಗ್. ಸತುವಿನ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಚಿತ್ರ ಗೀಚ್ತೀರ, ಗೀಚಿದ ಕಡೆ ಲೋಹ ಹೊಳೆಯತ್ತೆ. ಆಮೇಲೆ ಆಸಿಡ್ ಟ್ರೇಯಲ್ಲಿ ಮುಳುಗಿಸ್ತೀರ, ಬಿಟ್ಟಷ್ಟು ಹೊತ್ತು ಗೆರೆ ಆಳ ಆಗ್ತಾ ಹೋಗತ್ತೆ. ತೆಗೆದು, ತೊಳೆದು, ತಗಡು ಸ್ವಲ್ಪ ಬೆಚ್ಚಗೆ ಮಾಡಿ ದಪ್ಪ ಇಂಕ್ ಮೆತ್ತಿ, ಗಂಜಿ ಹಾಕಿದಂತೆ ಬಿರುಸಾಗಿರೋ ಬಲೆಬಟ್ಟೆ ಮುದ್ದೆಯಿಂದ ಒರೆಸ್ತೀರ, ಕೊನೇ ತೆಳು ಪದರಾನ ಬರೀ ಅಂಗೈಯಿಂದ. ಜೋರಾಗಿ ಒರೆಸಿದ್ರೆ ಗೆರೆಯೊಳಗಿನ ಇಂಕೂ ಎದ್ದು ಬರತ್ತೆ, ಮೆತ್ತಗೆ ಒರೆಸಿದ್ರೆ ಪ್ರಿಂಟ್ ಮಬ್ಬು. ಒದ್ದೆ ಮಾಡಿಟ್ಟ ಕಾಗದ ಹಾಸಿ, ಮೇಲೆ ಉಣ್ಣೆಯ ದಪ್ಪ ಹೊದಿಕೆ ಹಾಕಿ ಪ್ರೆಸ್ಸಿನ ಚಕ್ರ ತಿರುಗಿಸ್ತೀರ. ಆಮೇಲೆ ಕಾಗದದ ಒಂದು ಮೂಲೆ ಹಿಡಿದು ನಿಧಾನಕ್ಕೆ ಎತ್ತೋ ಆ ಐದು ಸೆಕೆಂಡ್ ಇದ್ಯಲ್ಲ, ಪ್ರಿಂಟ್‌ಮೇಕಿಂಗ್ ವಿದ್ಯಾರ್ಥಿಗಳು ಇಡೀ ವಾರ ಕೆಲಸ ಮಾಡೋದು ಅದಕ್ಕೋಸ್ಕರ ಅಂತ ಬೇಕಾದ್ರೆ ಹೇಳ್ತೀನಿ. ಚಿತ್ರ ಬಲ ಎಡ ಉಲ್ಟಾ ಬಂದಿರತ್ತೆ, ನೀವೇ ಮಾಡಿದ್ದಾದ್ರೂ ಯಾರೋ ಬೇರೆಯವರದ್ದು ಅನ್ನಿಸತ್ತೆ.

ಒಂದ್ಸಲ ತಗಡನ್ನ ಆಸಿಡಲ್ಲಿ ಬಿಟ್ಟು ಫ್ರೆಂಡ್ ಜೊತೆ ಮಾತಾಡ್ತಾ ನಿಂತುಬಿಟ್ಟೆ. ವಾಪಸ್ ಬಂದು ನೋಡಿದ್ರೆ ಲೇಪ ಎದ್ದು ಹೋಗಿ ಒಂದು ಮೂಲೆಯ ಗೆರೆಗಳೆಲ್ಲ ಒಂದರೊಳಗೊಂದು ಸೇರಿ ಹುಣ್ಣಿನ ತರ ಆಗಿತ್ತು. ಎಸೆಯೋಕೆ ಹೋದೆ. ನಮ್ಮ ಸ್ಟುಡಿಯೋ ಟೆಕ್ನಿಶಿಯನ್ ಒಬ್ರು, ಮಾತು ಕಮ್ಮಿ ಅವರದ್ದು, 'ಎಸಿಯೋಕ್ ಮುಂಚೆ ಒಂದ್ ಪ್ರಿಂಟ್ ತೆಗಿ' ಅಂದ್ರು. ತೆಗೆದೆ. ಮೂಲೇಲಿ ನಾನು ಬರೀದೇ ಇದ್ದ ಒಂದು ಕತ್ತಲೆ ಬಂದಿತ್ತು, ಬರೆದಿದ್ದಕ್ಕಿಂತ ಅದೇ ಚೆನ್ನಾಗಿತ್ತು. ಪೇಂಟಿಂಗಲ್ಲಿ ನನ್ನ ಕೊಲ್ತಿದ್ದಿದ್ದು ಎಲ್ಲಾ ನಾನೇ ನಿರ್ಧರಿಸ್ಬೇಕು ಅನ್ನೋದು, ಇಲ್ಲಿ ಅರ್ಧ ಕೆಲಸ ಆಸಿಡ್ದು, ಪ್ರೆಸ್ಸಿಂದು, ನನಗೆ ಹಂತ ಹಂತವಾಗಿ ಹೋಗೋ ದಾರಿ ಇದ್ರೇನೆ ತಲೆ ಓಡೋದು ಅಂತ ಆವತ್ತು ಗೊತ್ತಾಯ್ತು. ಇದು ನನ್ನ ವಿಷಯ. ಹಂತಗಳೇ ಉಸಿರುಗಟ್ಟಿಸತ್ತೆ ಅನ್ನೋರು ಪ್ರಿಂಟ್ ಬಿಟ್ಟು ಪೇಂಟಿಂಗಿಗೆ ಓಡಿದ್ದನ್ನೂ ನೋಡಿದೀನಿ.

ಸೆರಾಮಿಕ್ಸ್‌ಗೆ ಬಂದ್ರೆ, ಇಲ್ಲಿ ಕಾಯೋದೇ ಮುಖ್ಯ ವಿಷಯ. ತಿಗರಿ ಮೇಲೆ ಮಣ್ಣು ಸೆಂಟರ್ ಆಗೋದಕ್ಕೇನೆ ಕೆಲವರಿಗೆ ವಾರಗಳು ಬೇಕು. ಮಾಡಿದ್ದನ್ನ ತಕ್ಷಣ ಸುಡೋ ಹಾಗಿಲ್ಲ, ಪೂರ್ತಿ ಒಣಗ್ಬೇಕು, ಒಳಗೆ ನೀರು ಉಳಿದಿದ್ರೆ ಆವಿಯಾಗಿ ಪಾತ್ರೆ ಸಿಡಿಯತ್ತೆ, ಪಕ್ಕದವರ ಪಾತ್ರೇನೂ ಕರ್ಕೊಂಡು ಹೋಗತ್ತೆ. ಮೊದಲ ಸುಡುವಿಕೆ ಸುಮಾರು 1000 ಡಿಗ್ರಿ ಸೆಲ್ಸಿಯಸ್, ಆಮೇಲೆ ಗ್ಲೇಜ್, ಅಂದ್ರೆ ಗಾಜಿನಂಥ ಹೊಳಪಿನ ಲೇಪ ಹಚ್ಚಿ, ಸ್ಟೋನ್‌ವೇರ್ ಅನ್ನೋ ಗಟ್ಟಿ ಪಾತ್ರೆ ಆದ್ರೆ 1200ರಿಂದ 1300ರ ಮಧ್ಯೆ ಎರಡನೇ ಸಲ. 573 ಡಿಗ್ರಿ ಹತ್ರ ಮಣ್ಣಲ್ಲಿರೋ ಕ್ವಾರ್ಟ್ಸ್ ಹರಳಿನ ರಚನೆ ಬದಲಾಗಿ ಥಟ್ ಅಂತ ಗಾತ್ರ ಹೆಚ್ಚುಕಮ್ಮಿ ಆಗತ್ತೆ, ಅಲ್ಲಿ ಅವಸರ ಮಾಡಿದ್ರೆ ಬಿರುಕು. ಕಿಲ್ನ್, ಅಂದ್ರೆ ಸುಡೋ ಗೂಡು, ಆರಿದ್ಮೇಲೂ ಬಾಗಿಲು ತೆಗೆಯೋ ಹಾಗಿಲ್ಲ, ತಣ್ಣಗಾಗೋ ತನಕ ಕಾಯ್ಬೇಕು. ಗ್ಲೇಜ್ ಅಂತೂ ಹಚ್ಚೋವಾಗ ಕಾಣೋ ಬಣ್ಣಾನೇ ಬೇರೆ ಸುಟ್ಟಾದ್ಮೇಲೆ ಬರೋದೇ ಬೇರೆ, ತಾಮ್ರ ಇರೋ ಗ್ಲೇಜ್ ಆಕ್ಸಿಜನ್ ಸಾಕಷ್ಟಿರೋ ಕಿಲ್ನಲ್ಲಿ ಹಸಿರು, ಆಕ್ಸಿಜನ್ ಕಮ್ಮಿ ಮಾಡಿದ್ರೆ ಕೆಂಪು. ಮಾಡಿದ ಅಳತೆ ಉಳಿಯಲ್ಲ, ಒಣಗಿ ಸುಡೋಷ್ಟರಲ್ಲಿ ಎಷ್ಟೋ ಮಣ್ಣು ನೂರಕ್ಕೆ ಹತ್ತರಷ್ಟೋ ಅದಕ್ಕಿಂತ ಜಾಸ್ತಿನೋ ಕುಗ್ಗತ್ತೆ, ಮುಚ್ಚಳ ಪಾತ್ರೆಗೆ ಕೂರ್ಬೇಕು ಅಂದ್ರೆ ಈ ಲೆಕ್ಕ ತಲೇಲಿ ಇರ್ಬೇಕು. ಕೆಮಿಸ್ಟ್ರಿ ಬೇಡ ಅಂತ ಆರ್ಟ್‌ಗೆ ಬಂದೋರು ಇಲ್ಲಿ ಸಿಕ್ಕಿಹಾಕ್ಕೊಳ್ತಾರೆ, ಹಾಗೇ ಕೆಮಿಸ್ಟ್ರಿ ಇಷ್ಟ ಇತ್ತು ಆದ್ರೆ ಆರ್ಟೂ ಬೇಕಿತ್ತು ಅನ್ನೋರಿಗೆ ಇದು ಸ್ವರ್ಗ. ಮತ್ತೆ ಒಣಗಿದ ಮಣ್ಣಿನ ಧೂಳಲ್ಲಿ ಸಿಲಿಕಾ ಇರತ್ತೆ, ವರ್ಷಗಟ್ಟಲೆ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು, ಅದಕ್ಕೆ ಒಳ್ಳೇ ಸ್ಟುಡಿಯೋದಲ್ಲಿ ಪೊರಕೆಯಿಂದ ಗುಡಿಸೋಕೆ ಬಿಡಲ್ಲ, ಒದ್ದೆ ಬಟ್ಟೇಲಿ ಒರೆಸ್ಬೇಕು. ಕೈ ಕೆಸರಾಗೋದಂತೂ ಗ್ಯಾರಂಟಿ, ಬಾಯಿ ಮೊಸರಾಗೋದು ಕಿಲ್ನ್ ತೆಗೆದಾಗ್ಲೇ ಗೊತ್ತಾಗೋದು.

ಶಿಲ್ಪ ವಿಭಾಗದ ಬಗ್ಗೆ ಜನರ ತಲೇಲಿರೋ ಚಿತ್ರ ಕಲ್ಲು, ಉಳಿ, ಸುತ್ತಿಗೆ. ಈಗ ಅದು ಒಂದು ಸಣ್ಣ ಭಾಗ. ವೆಲ್ಡಿಂಗ್, ಮರಗೆಲಸ, ಅಚ್ಚು ತೆಗೆಯೋದು, ಮೇಣದ ಮಾದರಿ ಕರಗಿಸಿ ಆ ಖಾಲಿ ಜಾಗಕ್ಕೆ ಕಂಚು ಎರೆಯೋದು, ಇದರ ಜೊತೆಗೆ ಇನ್‌ಸ್ಟಲೇಶನ್, ಅಂದ್ರೆ ಒಂದು ಜಾಗಾನೇ ಪೂರ್ತಿ ಕೃತಿ ಮಾಡೋದು. 1917ರಲ್ಲಿ ಮಾರ್ಸೆಲ್ ಡ್ಯೂಶಾಂಪ್ ಅಂಗಡೀಲಿ ಸಿಗೋ ಮೂತ್ರದ ಬೇಸಿನ್‌ಗೆ ಸಹಿ ಹಾಕಿ ಪ್ರದರ್ಶನಕ್ಕೆ ಕಳಿಸಿದ ಮೇಲೆ ಶಿಲ್ಪ ಅಂದ್ರೆ ಏನು ಅನ್ನೋ ಜಗಳ ಮುಗಿದೇ ಇಲ್ಲ, ಆ ಜಗಳದಲ್ಲಿ ನಿಮಗೆ ಆಸಕ್ತಿ ಇದ್ರೆ ಇಲ್ಲಿ ಖುಷಿಯಾಗಿ ಇರ್ತೀರ. ಒಂದು ಮಾತು, ಮಾಡಿದ್ದನ್ನ ಎಲ್ಲಿ ಇಡೋದು ಅನ್ನೋದು ಶಿಲ್ಪ ವಿದ್ಯಾರ್ಥಿಯ ಜೀವನಪೂರ್ತಿ ತಲೆನೋವು. ಪ್ರಿಂಟ್‌ಗಳು ಮಂಚದ ಕೆಳಗೆ ಹಿಡಿಸ್ತವೆ.

ಫೋಟೋಗ್ರಫಿ ಎಲ್ಲಾರ ಜೇಬಲ್ಲೂ ಇರೋದ್ರಿಂದ ಅದನ್ನ ಮೂರು ವರ್ಷ ಏನು ಓದೋದು ಅಂತ ಕೇಳ್ತಾರೆ. ಫೋಟೋ ತೆಗೆಯೋದು ಅಲ್ಲಿ ಸಣ್ಣ ಭಾಗ, ತೆಗೆದ ಸಾವಿರದಲ್ಲಿ ಹನ್ನೆರಡನ್ನ ಆರಿಸಿ ಯಾವುದರ ಪಕ್ಕ ಯಾವುದು ಬರ್ಬೇಕು ಅಂತ ಜೋಡಿಸೋದ್ರಲ್ಲೇ ಅರ್ಧ ವಿದ್ಯೆ ಇರೋದು. ಕೆಲವು ಕಡೆ ಹಳೇ ವಿಧಾನಾನೂ ಕಲಿಸ್ತಾರೆ, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ಬರೀ ಬಿಸಿಲು, ನೀರು ಮತ್ತೆ ಎರಡು ಕಬ್ಬಿಣದ ಲವಣದಿಂದ ಆಗೋ ನೀಲಿ ಚಿತ್ರ, ಮಾಡಿ ನೋಡಿ.

ಈಗ ಗ್ರಾಫಿಕ್ ಡಿಸೈನ್, ಇಲ್ಲೇ ಜಾಸ್ತಿ ಜನ ಎಡವೋದು. ಚಿತ್ರ ಬರೆಯೋದು ಇಷ್ಟ, ಕೆಲಸಾನೂ ಸಿಗ್ಬೇಕು, ಹಾಗಾಗಿ ಡಿಸೈನ್, ಅನ್ನೋದು ಮನೆ ಮನೆ ಲೆಕ್ಕಾಚಾರ. ಲೆಕ್ಕ ತಪ್ಪು ಅಂತಲ್ಲ, ಆದ್ರೆ ಡಿಸೈನಲ್ಲಿ ಪ್ರಶ್ನೆ ಬೇರೆಯವರದ್ದು. ಯಾರೋ ಒಂದು ಬ್ರೀಫ್ ಕೊಡ್ತಾರೆ, ಈ ಔಷಧಿ ಚೀಟಿ ವಯಸ್ಸಾದೋರಿಗೆ ಓದೋಕಾಗ್ಬೇಕು ಅಂತ ಅನ್ಕೊಳ್ಳಿ, ಅಕ್ಷರ ಎಷ್ಟು ದೊಡ್ಡದಿರ್ಬೇಕು, ಸಾಲಿನ ನಡುವೆ ಎಷ್ಟು ಜಾಗ, ಎಷ್ಟು ಹೊತ್ತಿಗೆ ಎಷ್ಟು ಮಾತ್ರೆ ಅನ್ನೋದು ಕಣ್ಣಿಗೆ ಮೊದಲು ಬೀಳ್ಬೇಕೋ ಕಂಪನಿ ಹೆಸರು ಬೀಳ್ಬೇಕೋ. ನಿಮ್ಮ ಮನಸ್ಸಿನ ನೋವನ್ನ ಅಲ್ಲಿ ತೋಡ್ಕೊಳ್ಳೋ ಹಾಗಿಲ್ಲ. ಯಾರದ್ದೋ ಸಮಸ್ಯೆ ಬಿಡಿಸೋದ್ರಲ್ಲಿ ಖುಷಿ ಸಿಗೋರಿಗೆ ಇದು ಅದ್ಭುತ, 'ನನ್ನ ಚಿತ್ರ ನಾನು ಬರೀಬೇಕು' ಅನ್ನೋರಿಗೆ ನರಕ. ಮೂರನೇ ಸಲ ಕ್ಲೈಂಟು 'ಆ ನೀಲಿ ಸ್ವಲ್ಪ ಬೇರೆ ನೀಲಿ ಮಾಡಿ' ಅಂದಾಗ ನಿಮಗೆ ಸಿಟ್ಟು ಬರತ್ತೋ ಕುತೂಹಲ ಬರತ್ತೋ ಅಂತ ಮೊದಲೇ ಯೋಚನೆ ಮಾಡಿ. ಅನಿಮೇಶನ್ ಇದರ ನೆಂಟ, ಆದ್ರೆ ಅದರ ತಾಳ್ಮೆ ಬೇರೆ ತರದ್ದು. ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರಾನ ಎರಡೆರಡು ಫ್ರೇಮ್ ಹಿಡಿದ್ರೂ ಸೆಕೆಂಡಿಗೆ 12 ಚಿತ್ರ, ಒಬ್ಬ ಮನುಷ್ಯ ಬಾಗಿಲು ತೆಗೆದು ಒಳಗೆ ಬರೋಕೆ ನಾಲ್ಕು ಸೆಕೆಂಡ್ ಅಂದ್ರೆ 48 ಚಿತ್ರ, ಅವನಿನ್ನೂ ಮಾತೇ ಆಡಿಲ್ಲ.

ಕಲಾ ಇತಿಹಾಸ ಅಂದ್ರೆ ಚಿತ್ರ ಬರೆಯೋಕೆ ಬರದೇ ಇರೋರು ಸೇರ್ಕೊಳ್ಳೋ ಜಾಗ ಅಂತ ಸ್ಟುಡಿಯೋ ಹುಡುಗ್ರು ಹಗುರವಾಗಿ ಮಾತಾಡ್ತಾರೆ, ನಾನೂ ಮಾತಾಡಿದೀನಿ, ತಪ್ಪು. ಒಂದು ಚಿತ್ರದ ಮುಂದೆ ಒಂದು ಗಂಟೆ ಸುಮ್ನೆ ಕೂತು ಏನು ಕಾಣತ್ತೋ ಅಷ್ಟನ್ನ ಮಾತ್ರ ಬರೀರಿ, ಅರ್ಥ ಆಮೇಲೆ, ಅಂತ ಕೊಡೋ ಮೊದಲ ಅಸೈನ್‌ಮೆಂಟ್ ಮಾಡಿ ನೋಡಿ, ಹತ್ತು ನಿಮಿಷಕ್ಕೆ ಪದ ಮುಗಿದುಹೋಗತ್ತೆ. 19ನೇ ಶತಮಾನದಲ್ಲಿ ಜೊವಾನಿ ಮೊರೆಲ್ಲಿ ಅಂತ ಒಬ್ಬ ಇಟಾಲಿಯನ್, ಓದಿದ್ದು ಮೆಡಿಸಿನ್, ಚಿತ್ರ ಯಾರು ಬರೆದಿದ್ದು ಅಂತ ಪತ್ತೆ ಮಾಡೋಕೆ ಮುಖ ಬಿಟ್ಟು ಕಿವಿ ಮತ್ತೆ ಉಗುರು ನೋಡೋಕೆ ಶುರು ಮಾಡ್ದ, ಯಾಕಂದ್ರೆ ಮುಖಾನ ಎಲ್ಲಾರೂ ಜೋಪಾನವಾಗಿ ಬರೀತಾರೆ, ಕಿವೀನ ಮಾತ್ರ ಅಭ್ಯಾಸಬಲದಲ್ಲಿ ಬರೆದುಬಿಡ್ತಾರೆ. ಆ ತರದ ಕಣ್ಣು ಬೇಕು ಅನ್ನಿಸಿದ್ರೆ, ಓದೋದು ಬರೆಯೋದು ಬೇಜಾರಿಲ್ಲದಿದ್ರೆ, ಹೊಸ ಭಾಷೆ ಕಲಿಯೋಕೆ ರೆಡಿ ಇದ್ರೆ, ಇದನ್ನ ತಗೊಳ್ಳಿ. ಮ್ಯೂಸಿಯಂ, ಪ್ರದರ್ಶನ ರೂಪಿಸೋ ಕ್ಯುರೇಶನ್, ಬರವಣಿಗೆ, ಪಾಠ ಎಲ್ಲ ಈ ಕಡೆಯಿಂದ. ಹಳೇ ಕೃತಿಗಳನ್ನ ಉಳಿಸೋ ಕನ್ಸರ್ವೇಶನ್ ಬೇಕು ಅಂದ್ರೆ ಅದಕ್ಕೆ ಕಲಾ ಇತಿಹಾಸ, ಕೈಕೆಲಸ, ಕೆಮಿಸ್ಟ್ರಿ ಮೂರೂ ಬೇಕಾಗತ್ತೆ, ಸಾಮಾನ್ಯವಾಗಿ ಮಾಸ್ಟರ್ಸ್ ಹಂತದಲ್ಲಿ ಓದೋದು, ಹಾಗಾಗಿ ಆಸೆ ಇದ್ರೆ ಡಿಗ್ರೀಲೇ ಕೆಮಿಸ್ಟ್ರಿ ಪೇಪರ್ ಬಿಡದೇ ಇಟ್ಕೊಳ್ಳಿ.

ವಿಭಾಗ ಯಾವುದೇ ಆಗ್ಲಿ ತಪ್ಪಿಸ್ಕೊಳ್ಳೋಕಾಗದ್ದು ಕ್ರಿಟ್. ನಿಮ್ಮ ಕೆಲಸ ಗೋಡೆಗೆ ಹಾಕಿ ಕ್ಲಾಸೆಲ್ಲ ಸುತ್ತ ನಿಂತು ಮಾತಾಡತ್ತೆ, ನೀವು ಕೇಳಿಸ್ಕೋಬೇಕು. ಒಂದೊಂದು ವಿಭಾಗದ ಕ್ರಿಟ್ ಧಾಟಿ ಒಂದೊಂದು ತರ. ಒಂದು ಕಡೆ ಗೆರೆ, ಅಂಚು, ಜಾಯಿಂಟ್ ಬಗ್ಗೆ ಮಾತು, ಇನ್ನೊಂದು ಕಡೆ ಬರೀ ಕಾನ್ಸೆಪ್ಟ್, ಥಿಯರಿ. ಫಾರ್ಮ್ ತುಂಬೋಕೆ ಮುಂಚೆ ಎರಡು ಮೂರು ವಿಭಾಗದ ಕ್ರಿಟ್‌ಗೆ ಹೋಗಿ ಹಿಂದೆ ನಿಂತು ಕೇಳಿ, ಮೇಷ್ಟ್ರನ್ನ ಕೇಳಿದ್ರೆ ಎಷ್ಟೋ ಜನ ಬಿಡ್ತಾರೆ. ಅಲ್ಲಿ ವಿದ್ಯಾರ್ಥಿ ಅತ್ತುಕೊಂಡು ಹೊರಗೆ ಹೋಗ್ತಿದಾರೋ ಅಥವಾ ನೋಟ್ಸ್ ಬರ್ಕೊಂಡು ಹೋಗ್ತಿದಾರೋ ಅನ್ನೋದು ಪ್ರಾಸ್ಪೆಕ್ಟಸಲ್ಲಿ ಇರಲ್ಲ.

ಪ್ರಾಸ್ಪೆಕ್ಟಸ್ ಓದೋದಕ್ಕೂ ಒಂದು ಕಣ್ಣು ಬೇಕು. ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಅಂದ್ರೆ ಸಾಮಾನ್ಯವಾಗಿ ಹೆಚ್ಚಿನ ಕ್ರೆಡಿಟ್ ಸ್ಟುಡಿಯೋದಲ್ಲೇ, ಬಿಎ ಅಂದ್ರೆ ಸ್ಟುಡಿಯೋ ಕಮ್ಮಿ, ಬೇರೆ ವಿಷಯ ಓದೋಕೆ ಜಾಗ ಜಾಸ್ತಿ. ಮನೋವಿಜ್ಞಾನಾನೋ ಕಂಪ್ಯೂಟರ್ ಸೈನ್ಸೋ ಜೊತೆಗೆ ಬೇಕು ಅನ್ನೋರಿಗೆ ಬಿಎ ಏನೂ ಕೀಳಲ್ಲ. ಸ್ಟುಡಿಯೋ ಕೋರ್ಸಿನ ಕ್ರೆಡಿಟ್ ನೋಡಿ ಮೋಸ ಹೋಗ್ಬೇಡಿ, ಅದೇ ಕ್ರೆಡಿಟ್‌ನ ಲೆಕ್ಚರ್ ಕೋರ್ಸಿಗಿಂತ ಕ್ಲಾಸಲ್ಲಿ ಕಳೆಯೋ ಗಂಟೆ ಜಾಸ್ತಿ ಇರತ್ತೆ, ಕ್ಲಾಸಾದ್ಮೇಲಿನ ಗಂಟೆಗಳು ಬೇರೆ. ಯಾವ ಕೋರ್ಸಿಗೆ ಮುಂಚೆ ಯಾವುದು ಮುಗಿದಿರ್ಬೇಕು ಅನ್ನೋ ಸಾಲನ್ನ ಪೆನ್ಸಿಲ್ ಹಿಡ್ಕೊಂಡು ಓದಿ. ಗ್ಲೇಜ್ ಕೋರ್ಸ್ ವರ್ಷಕ್ಕೆ ಒಂದೇ ಸಲ ಬರತ್ತೆ, ಅದಕ್ಕೆ ಮುಂಚೆ ತಿಗರಿ ಕೋರ್ಸ್ ಆಗಿರ್ಬೇಕು ಅಂತಿದ್ರೆ, ಒಂದು ಸೆಮಿಸ್ಟರ್ ತಪ್ಪಿದ್ರೆ ಒಂದು ವರ್ಷ ಹಿಂದೆ ಬೀಳ್ತೀರ. ಸ್ಟುಡಿಯೋ ರಾತ್ರಿ ತೆರೆದಿರತ್ತಾ, ಪ್ರೆಸ್ ಎಷ್ಟು ಜನಕ್ಕೆ ಒಂದು, ಕಿಲ್ನ್ ಸರದಿ ಎಷ್ಟು ದಿನಕ್ಕೆ ಬರತ್ತೆ, ಸಾಮಗ್ರಿ ಕಾಲೇಜು ಕೊಡತ್ತೋ ನೀವೇ ತರ್ಬೇಕೋ, ಹೊಗೆ ಹೊರಗೆ ಎಳೆಯೋ ಫ್ಯಾನ್ ಕೆಲಸ ಮಾಡತ್ತಾ, ಇವನ್ನ ಆಫೀಸಲ್ಲಿ ಕೇಳ್ಬೇಡಿ, ಕೊನೇ ವರ್ಷದೋರನ್ನ ಕೇಳಿ. ಪ್ರೊಫೆಸರ್ ಹೆಸರು ನೋಡಿ ವಿಭಾಗ ಆರಿಸೋರಿಗೆ ಒಂದು ಮಾತು, ಅವರು ಮುಂದಿನ ವರ್ಷ ರಜೆ ಮೇಲೆ ಹೋಗ್ತಿದಾರಾ ಅಂತಾನೂ ತಿಳ್ಕೊಳ್ಳಿ. ಟೆಕ್ನಿಶಿಯನ್ ಯಾರು ಅನ್ನೋದು ನನ್ನ ಪ್ರಕಾರ ಪ್ರೊಫೆಸರ್ ಯಾರು ಅನ್ನೋದಕ್ಕಿಂತ ಮುಖ್ಯ, ದಿನಾ ಸಿಗೋದು ಅವರೇ.

ತಪ್ಪು ಆರಿಸಿದ್ರೆ ಜೀವನ ಮುಗೀತು ಅನ್ನೋ ಭಯಕ್ಕೆ ಇತಿಹಾಸ ನೋಡಿದ್ರೆ ಅಷ್ಟೇನೂ ಆಧಾರ ಇಲ್ಲ. ಇವಾ ಹೆಸ್ಸೆ 1959ರಲ್ಲಿ ಅಮೆರಿಕದ ಯೇಲ್ ಯೂನಿವರ್ಸಿಟಿಯಿಂದ ಡಿಗ್ರಿ ತಗೊಂಡಿದ್ದು ಪೇಂಟಿಂಗಲ್ಲಿ, ಮೇಷ್ಟ್ರು ಆ ಬಣ್ಣದ ಕಾಗದದ ಆಲ್ಬರ್ಸ್ ಅವರೇ, ಹೆಸರಾಗಿದ್ದು ಮಾತ್ರ ಲೇಟೆಕ್ಸ್, ಹಗ್ಗ, ಫೈಬರ್‌ಗ್ಲಾಸಿನ ಶಿಲ್ಪಗಳಿಂದ. ಮೃಣಾಲಿನಿ ಮುಖರ್ಜಿ ಬರೋಡಾದಲ್ಲಿ ಓದಿದ್ದು ಪೇಂಟಿಂಗ್, ಆಮೇಲೆ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಹತ್ರ ಮ್ಯೂರಲ್, ಅಂದ್ರೆ ಗೋಡೆ ಚಿತ್ರ, ಜಗತ್ತಿಗೆ ಗೊತ್ತಿರೋದು ಸೆಣಬಿನ ಹುರಿ ಗಂಟು ಹಾಕಿ ಮಾಡಿದ ಆಳೆತ್ತರದ ಆಕೃತಿಗಳು. ಆ ಸುಬ್ರಮಣ್ಯನ್ ಅವರೂ ಕಲಾಭವನಕ್ಕೆ ಹೋಗೋಕೆ ಮುಂಚೆ ಓದಿದ್ದು ಎಕನಾಮಿಕ್ಸ್.

ಇವರೆಲ್ಲ ತಾವೇ ದಾರಿ ಬದಲಿಸಿದೋರು. ಬದಲಿಸೋಕೆ ಬಿಡದೇ ಇದ್ದ ಕಥೇನೂ ಇದೆ. ಬೌಹೌಸ್ ಎಲ್ಲಾ ಗೋಡೆ ಒಡೀತೀನಿ ಅಂದ್ರೂ ಹೆಣ್ಣುಮಕ್ಕಳನ್ನ ಮಾತ್ರ ಹೆಚ್ಚಾಗಿ ನೇಯ್ಗೆ ವರ್ಕ್‌ಶಾಪಿಗೇ ತಳ್ತಿತ್ತು. 1922ರಲ್ಲಿ ಅಲ್ಲಿಗೆ ಸೇರಿದ ಆನಿ ಅನ್ನೋ ಹುಡುಗಿಗೆ, ಮುಂದೆ ಯೋಸೆಫ್ ಆಲ್ಬರ್ಸ್ ಅವರನ್ನ ಮದುವೆಯಾದೋರು, ನೇಯ್ಗೆ ಬೇಕಿರ್ಲಿಲ್ಲ, ದಾರ ಅಂದ್ರೆ ಹೆಂಗಸರ ಕೆಲಸ ಅನ್ನೋ ಅಸಡ್ಡೆ ಅವರಿಗೂ ಇತ್ತು. ಬೇರೆ ದಾರಿ ಇಲ್ಲದೆ ಮಗ್ಗದ ಮುಂದೆ ಕೂತ್ರು. 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮೊದಲ ಸಲ ಒಬ್ಬ ನೇಯ್ಗೆ ಕಲಾವಿದರ ಏಕವ್ಯಕ್ತಿ ಪ್ರದರ್ಶನ ಮಾಡಿದ್ದು ಆನಿ ಆಲ್ಬರ್ಸ್ ಅವರದ್ದು. ಇದನ್ನ ಹೇಳಿ ಬಲವಂತದ ಆಯ್ಕೆ ಒಳ್ಳೇದು ಅಂತ ಯಾರಾದ್ರೂ ವಾದ ಮಾಡಿದ್ರೆ ನಂಬ್ಬೇಡಿ, ಆ ವರ್ಕ್‌ಶಾಪಲ್ಲಿ ಇಷ್ಟವಿಲ್ಲದೆ ಕೂತು ಹೆಸರೇ ಇಲ್ಲದೆ ಹೋದೋರ ಲೆಕ್ಕ ಯಾರೂ ಇಟ್ಟಿಲ್ಲ. ಅವರಿಗೆ ಬದಲಾಯಿಸೋ ಫಾರ್ಮ್ ಇರ್ಲಿಲ್ಲ, ನಿಮಗಿದೆ.

ಆ ಫಾರ್ಮಿನ ವಿಷಯ ಮಾತ್ರ ಮೊದಲ ದಿನಾನೇ ಕೇಳಿಟ್ಕೊಳ್ಳಿ. ಯಾವ ಸೆಮಿಸ್ಟರ್ ತನಕ ವಿಭಾಗ ಬದಲಾಯಿಸ್ಬಹುದು, ಮಾಡಿದ ಕ್ರೆಡಿಟಲ್ಲಿ ಎಷ್ಟು ಎಲೆಕ್ಟಿವ್ ಅಂತ ಉಳಿಯತ್ತೆ, ಹೊಸ ವಿಭಾಗದೋರು ಪೋರ್ಟ್‌ಫೋಲಿಯೋ ಕೇಳ್ತಾರಾ, ಕೇಳಿದ್ರೆ ಎಷ್ಟು ಕೆಲಸ. ನಾನು ಬದಲಾಯಿಸಿದಾಗ ಹನ್ನೆರಡು ಪ್ರಿಂಟ್ ಕೇಳಿದ್ರು, ನನ್ನ ಹತ್ರ ಇದ್ದಿದ್ದು ಹನ್ನೊಂದು. ಹನ್ನೆರಡನೇದಾಗಿ ಆ ಸುಟ್ಟ ಮೂಲೆಯ ತಗಡಿನ ಪ್ರಿಂಟ್ ಇಟ್ಟೆ, ಕೆಳಗೆ ಪೆನ್ಸಿಲಲ್ಲಿ 1/1, ಅಂದ್ರೆ ಒಟ್ಟು ತೆಗೆದಿದ್ದೇ ಒಂದು, ಅದೇ ಇದು, ಅಂತ ಬರೆದು.